ಫೋನಿನಿಂದ ಫೋನಿಗೆ ಹಾಡು ಯಾಕೆ ಹೋಗಲಿಲ್ಲ?



ಹಿಂದಿನ ಪಾಠದಲ್ಲಿ ಫೋನಿನಲ್ಲಿ ಹೆಸರು ಮತ್ತು ನಂಬರ್ ಬರೆದು ಇಡುವುದನ್ನು ಕಲಿತೆವು. ಈ ಪಾಠದಲ್ಲಿ ಒಂದು ಫೋನಿನಲ್ಲಿರುವ ಹಾಡು, ಫೋಟೋ, ಕಾಗದಪತ್ರಗಳನ್ನು ಇನ್ನೊಂದು ಫೋನಿಗೆ ಕಳಿಸುವುದನ್ನು ಕಲಿಯೋಣ. ಕಳಿಸುವುದು ಸುಲಭ. ಹೋಗದೆ ಇದ್ದಾಗ ಏನು ಮಾಡಬೇಕು ಅನ್ನುವುದೇ ಕಷ್ಟ. ಅದಕ್ಕೇ ಈ ಪಾಠ.

ಮೊದಲು ಒಂದು ನಡೆದ ಸಂಗತಿ ಓದಿ.

ಓದಿ, ತಿಳಿಯಿರಿ

ಆದೋನಿ ಹತ್ತಿರದ ಪೆದ್ದಹರಿವಾಣ ನಮ್ಮ ಊರು. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಪೇಟೆಯಲ್ಲಿ ತೆಲುಗು ಮಾತಾಡುತ್ತೇವೆ. ನಮ್ಮ ಕಡೆ ಹತ್ತಿ, ಶೇಂಗಾ ಬೆಳೆ. ಮಳೆ ಕೈಕೊಟ್ಟ ವರ್ಷ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಜನ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಹೋಗುತ್ತಾರೆ. ಕೆಲವರು ಬೆಂಗಳೂರಿಗೆ ಹೋಗುತ್ತಾರೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಕೂಡ ಗುಂಟೂರಿಗೆ ಹೊರಟಿದ್ದರು. ಮರುದಿನ ಬೆಳಗ್ಗೆ ಗಾಡಿ. ಹಿಂದಿನ ರಾತ್ರಿ ಮಗಳ ಜೊತೆ ಕೇಂದ್ರಕ್ಕೆ ಬಂದರು. ಕೈಯಲ್ಲಿ ಎರಡು ಫೋನು. ಒಂದು ಹಳೆಯದು. ಅದರ ಗಾಜು ಒಡೆದಿತ್ತು, ಚಾರ್ಜ್ ನಿಲ್ಲುತ್ತಿರಲಿಲ್ಲ. ಇನ್ನೊಂದು ಆದೋನಿಯಲ್ಲಿ ತಂದ ಸೆಕೆಂಡ್ ಹ್ಯಾಂಡ್ ಫೋನು.

"ಏನಕ್ಕಾ, ಈ ಹೊತ್ತಿನಾಗ?" ಅಂದೆ.

"ಹಳೇ ಫೋನಿನಾಗ ನಮ್ಮವ್ವನ ದನಿ ಐತಿ. ಬೀಸೋ ಪದ ಹಾಡಿದ್ಲು. ನನ್ನ ಮಗಳು ಹಿಡಿದಿದ್ದಳು. ಅವ್ವ ಹೋಗಿ ಆರು ತಿಂಗಳಾತು. ಈ ಫೋನು ಇವತ್ತೋ ನಾಳೆಯೋ ಆರಿ ಹೋಗ್ತೈತಿ. ಆ ಹಾಡು ಹೊಸ ಫೋನಿಗೆ ಹೋಗವಲ್ದು. ಸಂಜಿಯಿಂದ ನೋಡಾಕತ್ತೀವಿ," ಅಂದರು.

"ವಾಟ್ಸಾಪ್‌ನಾಗ ಕಳಿಸಬಹುದಿತ್ತಲ್ಲ?"

"ಹಳೇ ಫೋನಿನ ಸಿಮ್ ತೆಗೆದು ಹೊಸದಕ್ಕೆ ಹಾಕೀವಿ. ಅದರಾಗ ನೆಟ್ ಇಲ್ಲ," ಎಂದಳು ಮಗಳು.

ನೆಟ್ ಇಲ್ಲದಿದ್ದರೂ ಪರವಾಗಿಲ್ಲ. ಸಿಮ್ ಇಲ್ಲದಿದ್ದರೂ ಪರವಾಗಿಲ್ಲ. ಬ್ಲೂಟೂತ್ ಇದ್ದರೆ ಸಾಕು. ನಾವು ಮೂವರೂ ಕೂತೆವು. ಒಂದೊಂದೇ ನೋಡುತ್ತಾ ಹೋದೆವು.

ಬ್ಲೂಟೂತ್ ಅಂದರೆ ಏನು?

ಬ್ಲೂಟೂತ್ ಅಂದರೆ ತಂತಿ ಇಲ್ಲದ ಸಂಪರ್ಕ. ರೇಡಿಯೋ ಹಾಗೆ ಇದು ಕಣ್ಣಿಗೆ ಕಾಣದ ಅಲೆಗಳ ಮೂಲಕ ನಡೆಯುತ್ತದೆ. ಆದರೆ ಇದರ ಅಲೆ ಬಹಳ ದೂರ ಹೋಗುವುದಿಲ್ಲ. ಸಾಮಾನ್ಯ ಫೋನಿನಲ್ಲಿ ಸುಮಾರು 10 ಮೀಟರ್ ಅಷ್ಟೇ. ಅಂದರೆ ನಮ್ಮ ಮನೆಯ ಬಾಗಿಲಿನಿಂದ ಅಂಗಳದ ತುದಿಯವರೆಗೆ. ನಡುವೆ ದಪ್ಪ ಕಲ್ಲಿನ ಗೋಡೆ ಇದ್ದರೆ ಇನ್ನೂ ಕಡಿಮೆ.

ಈ ಹೆಸರಿಗೆ ಒಂದು ಕಥೆ ಇದೆ. ಸಾವಿರ ವರ್ಷದ ಹಿಂದೆ ಡೆನ್ಮಾರ್ಕ್ ದೇಶದಲ್ಲಿ ಹೆರಾಲ್ಡ್ ಎಂಬ ರಾಜ ಇದ್ದ. ಅವನಿಗೆ ಬ್ಲೂಟೂತ್ ಎಂದು ಅಡ್ಡಹೆಸರು. ಬ್ಲೂಟೂತ್ ಅಂದರೆ ನೀಲಿ ಹಲ್ಲು. ಅವನು ಬೇರೆ ಬೇರೆಯಾಗಿದ್ದ ಜನರನ್ನು ಒಂದು ಮಾಡಿದ ಎಂದು ಹೇಳುತ್ತಾರೆ. ಬೇರೆ ಬೇರೆ ಯಂತ್ರಗಳನ್ನು ಜೋಡಿಸುವ ಈ ವಿಧಾನಕ್ಕೆ ಅವನ ಹೆಸರನ್ನೇ ಇಟ್ಟರು.

ಯಂತ್ರಗಳು ಜೋಡಿಯಾಗುವುದು ಮನುಷ್ಯರು ಮಾತಾಡಿದ ಹಾಗೆಯೇ. ಇಬ್ಬರೂ ಎಚ್ಚರ ಇರಬೇಕು. ಒಬ್ಬರಿಗೊಬ್ಬರು ಕಾಣಬೇಕು. ಹೆಸರು ಹಿಡಿದು ಕರೆಯಬೇಕು. ಕರೆದಾಗ ಅವರು "ಹೂಂ" ಅನ್ನಬೇಕು. ಕೊಟ್ಟದ್ದನ್ನು ಇಟ್ಟುಕೊಳ್ಳಲು ಜಾಗ ಇರಬೇಕು. ಈ ಐದರಲ್ಲಿ ಒಂದು ತಪ್ಪಿದರೂ ಹಾಡು ಹೋಗುವುದಿಲ್ಲ. ಹಾಗಾಗಿ ಐದನ್ನೂ ಸಾಲಾಗಿ ನೋಡಬೇಕು.

ಒಂದನೆಯದು: ಎರಡೂ ಫೋನು ಎಚ್ಚರ ಇವೆಯೇ?

ಹಳೆಯ ಫೋನಿನಲ್ಲಿ ಬ್ಲೂಟೂತ್ ಹಾಕಿದ್ದರು. ಹೊಸ ಫೋನಿನಲ್ಲಿ ಹಾಕಿರಲಿಲ್ಲ! "ಕಳಿಸೋ ಫೋನಿಗೆ ಅಷ್ಟೇ ಬೇಕು ಅನ್ಕೊಂಡಿದ್ದೆ," ಅಂದಳು ಮಗಳು. ಎರಡರಲ್ಲೂ ಬೇಕು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ.

ಫೋನಿನ ಪರದೆಯ ಮೇಲಿನಿಂದ ಕೆಳಗೆ ಬೆರಳು ಎಳೆಯಿರಿ. ಚಿಕ್ಕ ಚಿಕ್ಕ ಚಿತ್ರಗಳು ಬರುತ್ತವೆ. ಬ್ಲೂಟೂತ್ ಚಿತ್ರ ಒತ್ತಿರಿ. ಅದಕ್ಕೆ ಬಣ್ಣ ಬಂದರೆ ಅದು ಎಚ್ಚರ ಆಯಿತು ಎಂದು ಅರ್ಥ.

ಅಲ್ಲೇ ವಿಮಾನದ ಚಿತ್ರ ಇರುತ್ತದೆ. ಅದಕ್ಕೆ ಬಣ್ಣ ಇದ್ದರೆ ಒತ್ತಿ ಆರಿಸಿ. ವಿಮಾನದ ಚಿತ್ರ ಒತ್ತಿದಾಗ ಫೋನು ಎಲ್ಲಾ ಸಂಪರ್ಕ ಕಡಿದುಕೊಳ್ಳುತ್ತದೆ. ಮಕ್ಕಳ ಕೈ ತಾಗಿ ಇದು ಎಷ್ಟೋ ಸಲ ಒತ್ತಿಹೋಗಿರುತ್ತದೆ.

ಚಾರ್ಜ್ ಕೂಡ ನೋಡಿ. ಚಾರ್ಜ್ ಬಹಳ ಕಡಿಮೆ ಆದಾಗ ಫೋನು ಬ್ಯಾಟರಿ ಉಳಿಸಲು ಕೆಲವು ಕೆಲಸ ನಿಲ್ಲಿಸಬಹುದು. ನಾವು ಹಳೆಯ ಫೋನಿಗೆ ಚಾರ್ಜರ್ ಹಾಕಿಯೇ ಮುಂದಿನ ಕೆಲಸ ಮಾಡಿದೆವು. ಕಳಿಸುವಾಗ ನಡುವೆ ಫೋನು ಆರಿದರೆ ಮತ್ತೆ ಮೊದಲಿನಿಂದ ಕಳಿಸಬೇಕು.

ಎರಡನೆಯದು: ಒಂದಕ್ಕೊಂದು ಕಾಣುತ್ತವೆಯೇ?

ಬ್ಲೂಟೂತ್ ಹಾಕಿದರೂ ಫೋನು ಎಲ್ಲರಿಗೂ ಯಾವಾಗಲೂ ಕಾಣುವುದಿಲ್ಲ. ಅದು ಒಳ್ಳೆಯದೇ. ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ನಮ್ಮ ಫೋನು ಕಾಣಬಾರದು.

ಸೆಟ್ಟಿಂಗ್ಸ್ ಒಳಗೆ ಬ್ಲೂಟೂತ್ ಎಂಬ ಪುಟ ಇರುತ್ತದೆ. ಪಡೆಯುವ ಫೋನಿನಲ್ಲಿ ಆ ಪುಟ ತೆರೆದು ಹಾಗೆಯೇ ಇಡಿ. ಅನೇಕ ಫೋನುಗಳು ಆ ಪುಟ ತೆರೆದಿದ್ದಾಗ ಮಾತ್ರ ಬೇರೆ ಫೋನಿಗೆ ಕಾಣುತ್ತವೆ. ಪುಟ ಮುಚ್ಚಿದರೆ ಮರೆಯಾಗುತ್ತವೆ. ಪರದೆ ಆರಲು ಬಿಡಬೇಡಿ. ಎರಡೂ ಫೋನನ್ನು ಪಕ್ಕ ಪಕ್ಕ ಇಡಿ.

ನಾವು ಹಾಗೆಯೇ ಮಾಡಿದೆವು. ಹಳೆಯ ಫೋನಿನಲ್ಲಿ ಹೆಸರುಗಳು ಬಂದವು.

ಮೂರನೆಯದು: ಹೆಸರು ಸರಿಯೇ?

ಒಂದಲ್ಲ, ಮೂರು ಹೆಸರು ಬಂದವು. ಮೂರೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಒಂದು ನನ್ನ ಫೋನು. ಒಂದು ಪಕ್ಕದ ಮನೆಯವರದು. ಯಾವುದು ಅಕ್ಕನದು?

"ಸಂಜಿಗೆ ಒಂದಕ್ಕೆ ಕಳಿಸಿದ್ವಿ. ಯಾರೋ ಬ್ಯಾಡ ಅಂದ್ರು," ಅಂದಳು ಮಗಳು. ನೋಡಿ, ಹಾಡು ಪಕ್ಕದ ಮನೆಯ ಬಾಗಿಲು ಬಡಿದಿತ್ತು! ಪಕ್ಕದವರು ಬೇಡ ಅಂದದ್ದು ಸರಿಯೇ. ಗೊತ್ತಿಲ್ಲದವರು ಕಳಿಸಿದ್ದನ್ನು ತೆಗೆದುಕೊಳ್ಳಬಾರದು.

ಬ್ಲೂಟೂತ್ ಪುಟದಲ್ಲೇ ಫೋನಿನ ಹೆಸರು ಬದಲಿಸಬಹುದು. "ಅಕ್ಕಾ, ನಿಮ್ಮ ಫೋನಿಗೆ ಒಂದು ಹೆಸರು ಇಡ್ರಿ. ನೀವೇ ಬರೀರಿ," ಅಂದೆ. ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಒಂದು ಬೆರಳಿನಿಂದ ನಿಧಾನವಾಗಿ ಒತ್ತಿದರು. ಮೊದಲು ಅ. ಆಮೇಲೆ ವ. ಅದರ ಕೆಳಗೆ ವ ಒತ್ತು.

ಅವ್ವ.

ಹಳೆಯ ಫೋನಿನಲ್ಲಿ ಮತ್ತೆ ಹುಡುಕಿದೆವು. ಈಗ ಮೂರರಲ್ಲಿ ಒಂದು ಹೆಸರು ಕನ್ನಡದಲ್ಲಿ ಬಂತು. ಯಾರನ್ನೂ ಕೇಳದೆ ಅಕ್ಕ ಅದನ್ನೇ ಒತ್ತಿದರು.

ಆಗ ಎರಡೂ ಫೋನಿನಲ್ಲಿ ಆರು ಅಂಕಿಯ ಸಂಖ್ಯೆ ಬಂತು. ಇದು ಗುರುತಿನ ಸಂಖ್ಯೆ. ಎರಡರಲ್ಲೂ ಒಂದೇ ಸಂಖ್ಯೆ ಇದ್ದರೆ ಮಾತ್ರ ಎರಡರಲ್ಲೂ ಒಪ್ಪಬೇಕು. ಬೇರೆ ಇದ್ದರೆ ಬೇಡ ಅನ್ನಬೇಕು. ಒಂದೊಂದೇ ಅಂಕಿ ಓದಿ ಹೋಲಿಸಿ ನೋಡಿ. ಅವಸರ ಬೇಡ. ಮೊದಲ ಸಲ ಮಾತ್ರ ಈ ಸಂಖ್ಯೆ ಕೇಳುತ್ತದೆ. ಆಮೇಲೆ ಎರಡೂ ಫೋನು ಒಂದನ್ನೊಂದು ನೆನಪಿಟ್ಟುಕೊಳ್ಳುತ್ತವೆ.

ನಾಲ್ಕನೆಯದು: "ಹೂಂ" ಅಂದಿರಾ?

ಜೋಡಿ ಆಯಿತು. ಹಾಡು ಕಳಿಸಿದೆವು. ಸ್ವಲ್ಪ ಹೊತ್ತಿಗೆ ಹಳೆಯ ಫೋನಿನಲ್ಲಿ "ಕಳಿಸಲಾಗಲಿಲ್ಲ" ಎಂದು ಬಂತು.

ಅಕ್ಕನ ಮುಖ ಸಣ್ಣದಾಯಿತು. "ಹೋಗ್ಲಿ ಬಿಡು. ನಮ್ಮವ್ವನ ಹಾಡು ನನ್ನ ಹಣ್ಯಾಗ ಬರೆದಿಲ್ಲ," ಅಂದರು.

"ಹಣೇ ಬರಹ ಅಲ್ಲಕ್ಕಾ. ಫೋನಿನ ಮ್ಯಾಲೆ ಬರಹ ಬಂದಿತ್ತು. ಅದನ್ನ ನಾವು ಓದಲಿಲ್ಲ," ಅಂದೆ.

ಜೋಡಿ ಆಗುವುದು ಬೇರೆ, ಕಳಿಸಿದ್ದನ್ನು ತೆಗೆದುಕೊಳ್ಳುವುದು ಬೇರೆ. ಹಾಡು ಬಂದಾಗ ಪಡೆಯುವ ಫೋನಿನ ಪರದೆಯ ಮೇಲ್ಗಡೆ ಒಂದು ಚಿಕ್ಕ ಚೀಟಿ ಬರುತ್ತದೆ. ಅದರಲ್ಲಿ ಎರಡು ಪದ ಇರುತ್ತವೆ. ಒಂದು ಒತ್ತಿದರೆ ಒಳಗೆ ಬರುತ್ತದೆ. ಇನ್ನೊಂದು ಒತ್ತಿದರೆ ವಾಪಸ್ ಹೋಗುತ್ತದೆ. ಏನೂ ಒತ್ತದೆ ಬಿಟ್ಟರೆ ಕಾದು ಕಾದು ತಾನೇ ನಿಂತುಹೋಗುತ್ತದೆ.

ಮತ್ತೆ ಕಳಿಸಿದೆವು. ಈ ಸಲ ಮೂವರೂ ಹೊಸ ಫೋನಿನ ಪರದೆ ನೋಡುತ್ತಾ ಕೂತೆವು. ಚೀಟಿ ಬಂತು. ಅದು ತೆಲುಗಿನಲ್ಲಿತ್ತು! ಅಂಗಡಿಯವರು ಫೋನಿಗೆ ತೆಲುಗು ಭಾಷೆ ಹಾಕಿದ್ದರು. ಅಕ್ಕನಿಗೆ ಕಲಿತದ್ದು ಕನ್ನಡ ಅಕ್ಷರ. ಮಗಳು ಓದಲು ಬಾಯಿ ತೆರೆದಳು. ನಾನು ತಡೆದೆ.

ಅಕ್ಕ ಅಕ್ಷರಗಳ ಮೇಲೆ ಬೆರಳಿಟ್ಟರು. "ಇದು ನಮ್ಮ ಅಂ ಇದ್ದಂಗ ಐತಿ. ಇದು ಗೀ. ಇದು ಕ ಏನು? ರಿಂ... ಚು. ಅಂ-ಗೀ-ಕ-ರಿಂ-ಚು. ಅಂಗೀಕರಿಸು! ಒಪ್ಪಿಕೋ ಅಂತ!"

ಒತ್ತಿದರು.

ಬಂಧುಗಳೇ, ಕನ್ನಡ ಲಿಪಿ ಮತ್ತು ತೆಲುಗು ಲಿಪಿ ಒಂದೇ ತಾಯಿಯ ಮಕ್ಕಳು. ಬಹಳ ಅಕ್ಷರ ಒಂದೇ ತರಹ ಇವೆ. ತಲೆಕಟ್ಟು ಸ್ವಲ್ಪ ಬೇರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಗ ಆಂಧ್ರಕ್ಕೆ ಬಂದವು. ಈಗ ನಮ್ಮ ಕಡೆ ಕಚೇರಿಯ ಬರಹ ತೆಲುಗು, ಮನೆಯ ಮಾತು ಕನ್ನಡ. ಒಂದು ಲಿಪಿ ಚೆನ್ನಾಗಿ ಕಲಿತರೆ ಇನ್ನೊಂದರ ಬಾಗಿಲು ಅರ್ಧ ತೆರೆದ ಹಾಗೆ.

ಬೇಕಾದರೆ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಸೆಟ್ಟಿಂಗ್ಸ್ ಒಳಗೆ ಭಾಷೆ ಎಂಬ ಕಡೆ ಹೋಗಿ. ಅಲ್ಲಿ ಕನ್ನಡ ಎಂದು ಕನ್ನಡದಲ್ಲೇ ಬರೆದಿರುತ್ತದೆ. ಆರಿಸಿಕೊಳ್ಳಿ.

ಐದನೆಯದು: ಜಾಗ ಇದೆಯೇ?

ಹಾಡು ಬರಲು ಶುರುವಾಯಿತು. ಅರ್ಧಕ್ಕೇ ನಿಂತಿತು. ಹೊಸ ಫೋನಿನಲ್ಲಿ ಜಾಗ ತುಂಬಿತ್ತು. ಕಾಳು ತುಂಬಿದ ಗೋಣಿಗೆ ಇನ್ನೊಂದು ಸೇರು ಹಾಕಿದರೆ ಹೊರಗೆ ಚೆಲ್ಲುತ್ತದೆ. ಫೋನು ಕೂಡ ಹಾಗೆಯೇ.

ವಾಟ್ಸಾಪ್‌ನಲ್ಲಿ ದಿನಾ ಬರುವ ಶುಭೋದಯದ ಚಿತ್ರಗಳು ಮತ್ತು ವೀಡಿಯೋಗಳು ನೂರಾರು ಇದ್ದವು. ಮಗಳು ಅವನ್ನು ಅಳಿಸಿದಳು. ಮನೆಯವರ ಫೋಟೋ ಒಂದನ್ನೂ ಮುಟ್ಟಲಿಲ್ಲ. ಐದು ನಿಮಿಷದಲ್ಲಿ ಬೇಕಾದಷ್ಟು ಜಾಗ ಆಯಿತು.

ಮತ್ತೊಮ್ಮೆ ಕಳಿಸಿದೆವು. ಚೀಟಿ ಬಂತು. ಅಕ್ಕ ಈ ಸಲ ತಡವರಿಸಲಿಲ್ಲ. ಓದಿದರು, ಒತ್ತಿದರು. ಗೆರೆ ನಿಧಾನವಾಗಿ ತುಂಬುತ್ತಾ ಹೋಯಿತು. ಒಂದು ನಿಮಿಷ ಆಯಿತು. ಗೆರೆ ಪೂರ್ತಿ ತುಂಬಿತು.

ಹೊಸ ಫೋನಿನಲ್ಲಿ ಒತ್ತಿದೆವು. ಮೊದಲು ಬೀಸುವ ಕಲ್ಲಿನ ಸದ್ದು ಬಂತು. ಆಮೇಲೆ ಮುದುಕಿಯ ದನಿ ಬಂತು. ಅಕ್ಕ ಫೋನನ್ನು ಕಿವಿಗೆ ಹಿಡಿದು ಪೂರ್ತಿ ಹನ್ನೆರಡು ನಿಮಿಷ ಕೇಳಿದರು. ನಾವು ಮಾತಾಡಲಿಲ್ಲ.

ನನ್ನ ತಪ್ಪು: ಇದನ್ನು ನೀವು ಮಾಡಬೇಡಿ

ಅಕ್ಕನಿಗೆ ಪೂರ್ತಿ ಕೇಳಿ ಎಂದು ನಾನೇ ಹೇಳಿದ್ದೆ. ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ತಂಗಿಯ ಮದುವೆಯ ಫೋಟೋಗಳನ್ನು ಹಳೆಯ ಫೋನಿನಿಂದ ಹೊಸ ಫೋನಿಗೆ ಕಳಿಸಿದೆ. ಎಲ್ಲಾ ಹೋಯಿತು ಅಂದುಕೊಂಡು ಹಳೆಯದರಲ್ಲಿ ಅಳಿಸಿಬಿಟ್ಟೆ. ಆಮೇಲೆ ನೋಡಿದರೆ ಅರ್ಧ ಮಾತ್ರ ಬಂದಿದ್ದವು. ನಮ್ಮ ಅಪ್ಪ ಕೂತು ಅಕ್ಕಿಕಾಳು ಹಾಕಿದ ಫೋಟೋ ಉಳಿದ ಅರ್ಧದಲ್ಲಿತ್ತು. ಅದು ಮತ್ತೆ ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ. ಕಳಿಸಿದ ಮೇಲೆ ಹೊಸ ಫೋನಿನಲ್ಲಿ ತೆರೆದು ನೋಡಿ. ಎಣಿಸಿ. ಹಾಡಾದರೆ ಕೊನೆಯವರೆಗೆ ಕೇಳಿ. ಆಮೇಲೂ ಹಳೆಯದನ್ನು ಕೂಡಲೇ ಅಳಿಸಬೇಡಿ. ಸಾಧ್ಯವಾದರೆ ಮೂರನೆಯ ಕಡೆಯೂ ಒಂದು ಪ್ರತಿ ಇಡಿ. ಅಕ್ಕನ ಮಗಳು ಆ ಹಾಡನ್ನು ಮೆಮೊರಿ ಕಾರ್ಡಿಗೂ ಹಾಕಿಕೊಂಡಳು.

ಬಂದ ಹಾಡು ಎಲ್ಲಿದೆ ಎಂದು ಗೊತ್ತಾಗದಿದ್ದರೆ ಫೋನಿನಲ್ಲಿ ಫೈಲ್ಸ್ ಎಂಬ ಕಡೆ ಹೋಗಿ. ಅಲ್ಲಿ ಬ್ಲೂಟೂತ್ ಅಥವಾ ಡೌನ್‌ಲೋಡ್ ಎಂಬ ಹೆಸರಿನ ಚೀಲ ಇರುತ್ತದೆ. ಅದರಲ್ಲಿ ಹುಡುಕಿ.

ಇಷ್ಟು ಮಾಡಿದರೂ ಹೋಗದಿದ್ದರೆ

ಎರಡೂ ಫೋನಿನಲ್ಲಿ ಬ್ಲೂಟೂತ್ ಆರಿಸಿ ಮತ್ತೆ ಹಾಕಿ. ಆಗಲೂ ಹೋಗದಿದ್ದರೆ ಎರಡೂ ಫೋನನ್ನು ಪೂರ್ತಿ ಆರಿಸಿ ಮತ್ತೆ ಹಾಕಿ. ಆಗಲೂ ಆಗದಿದ್ದರೆ ಹಳೆಯ ಜೋಡಿ ಬಿಡಿಸಿ. ಬ್ಲೂಟೂತ್ ಪುಟದಲ್ಲಿ ಇನ್ನೊಂದು ಫೋನಿನ ಹೆಸರಿನ ಪಕ್ಕ ಒತ್ತಿದರೆ ಮರೆತುಬಿಡಿ ಅಥವಾ ಜೋಡಿ ಬಿಡಿಸಿ ಎಂದು ಬರುತ್ತದೆ. ಎರಡೂ ಫೋನಿನಲ್ಲಿ ಬಿಡಿಸಿ, ಹೊಸದಾಗಿ ಜೋಡಿಸಿ.

ಐಫೋನ್ ಮತ್ತು ಆಂಡ್ರಾಯ್ಡ್ ಫೋನ್ ನಡುವೆ ಬ್ಲೂಟೂತ್ ಮೂಲಕ ಹೀಗೆ ಹಾಡು, ಫೋಟೋ ಹೋಗುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ದೊಡ್ಡ ವೀಡಿಯೋಗಳಿಗೆ

ಬ್ಲೂಟೂತ್ ಎತ್ತಿನ ಗಾಡಿ ಇದ್ದ ಹಾಗೆ. ಹಾಡಿಗೆ, ಫೋಟೋಗೆ ಸಾಕು. ದೊಡ್ಡ ವೀಡಿಯೋಗೆ ಬಹಳ ಹೊತ್ತು ಬೇಕು. ಅದಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಕ್ವಿಕ್ ಶೇರ್ ಇದೆ. 2020ರಲ್ಲಿ ಇದು ನಿಯರ್‌ಬೈ ಶೇರ್ ಎಂಬ ಹೆಸರಿನಲ್ಲಿ ಬಂತು. 2024ರಲ್ಲಿ ಹೆಸರು ಬದಲಾಯಿತು. ಇದು ಎರಡು ಫೋನಿನ ನಡುವೆ ವೈಫೈ ಅಲೆ ಬಳಸುತ್ತದೆ. ಹಾಗಾಗಿ ಬಹಳ ಬೇಗ ಕಳಿಸುತ್ತದೆ. ಇದಕ್ಕೂ ನೆಟ್ ಪ್ಯಾಕ್ ಬೇಕಿಲ್ಲ.

ಇದರಲ್ಲಿ ಫೋನು ಕಾಣದಿದ್ದರೆ ಹೀಗೆ ನೋಡಿ. ಎರಡೂ ಫೋನಿನಲ್ಲಿ ಬ್ಲೂಟೂತ್ ಮತ್ತು ವೈಫೈ ಎರಡನ್ನೂ ಹಾಕಿ. ಹಾಟ್‌ಸ್ಪಾಟ್ ಇದ್ದರೆ ಆರಿಸಿ. ಲೊಕೇಶನ್ ಕೇಳಿದರೆ ಹಾಕಿ. ಪಡೆಯುವ ಫೋನಿನಲ್ಲಿ ಯಾರಿಗೆ ಕಾಣಬೇಕು ಎಂದು ಕೇಳುತ್ತದೆ. ಆಗ ಎಲ್ಲರಿಗೂ, 10 ನಿಮಿಷ ಎಂಬುದನ್ನು ಆರಿಸಿ. 10 ನಿಮಿಷ ಆದ ಮೇಲೆ ಅದು ತಾನೇ ಮರೆಯಾಗುತ್ತದೆ. ಹಾಗಾಗಿ ತಡ ಮಾಡಬೇಡಿ.

ಕೆಲವರ ಹಳೆಯ ಫೋನಿನಲ್ಲಿ ಶೇರ್ಇಟ್, ಕ್ಸೆಂಡರ್ ಇನ್ನೂ ಇರಬಹುದು. 2020ರ ಜೂನ್ 29ರಂದು ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಇವೆರಡೂ ಇದ್ದವು. ಅವನ್ನು ತೆಗೆದುಹಾಕಿ, ಫೋನಿನಲ್ಲೇ ಇರುವ ವಿಧಾನ ಬಳಸಿ.

ಎಚ್ಚರಿಕೆ

1. ಕೆಲಸ ಮುಗಿದ ಮೇಲೆ ಬ್ಲೂಟೂತ್ ಆರಿಸಿ.
2. ಗೊತ್ತಿಲ್ಲದ ಹೆಸರಿನಿಂದ ಏನೇ ಬಂದರೂ ಒಪ್ಪಬೇಡಿ.
3. ಕಡತದ ಹೆಸರಿನ ಕೊನೆಗೆ ಎಪಿಕೆ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ತೆರೆಯಬೇಡಿ. ಮದುವೆ ಕಾಗದ ಎಂದು, ಸರ್ಕಾರದ ಯೋಜನೆ ಎಂದು ಹೇಳಿ ಇಂಥದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅದು ಕಾಗದ ಅಲ್ಲ. ಫೋನಿನೊಳಗೆ ಸೇರುವ ಆ್ಯಪ್. ಅದರಿಂದ ಬ್ಯಾಂಕಿನ ಹಣ ಕಳೆದುಕೊಂಡವರು ಇದ್ದಾರೆ.
4. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಈ ಪದಗಳನ್ನು ಓದಿ, ಬರೆಯಿರಿ

ನಿಮ್ಮ ಫೋನಿನಲ್ಲಿ ಪದ ಸ್ವಲ್ಪ ಬೇರೆ ಇರಬಹುದು. ಅರ್ಥ ಇದೇ.

ಸ್ವೀಕರಿಸಿ, ಅಂಗೀಕರಿಂಚು, ಅಕ್ಸೆಪ್ಟ್ – ತೆಗೆದುಕೋ
ನಿರಾಕರಿಸಿ, ತಿರಸ್ಕರಿಂಚು, ಡಿಕ್ಲೈನ್ – ಬೇಡ
ರದ್ದುಮಾಡಿ, ರದ್ದು ಚೇಯಿ, ಕ್ಯಾನ್ಸಲ್ – ನಿಲ್ಲಿಸು
ಜೋಡಿಸಿ, ಪೇರ್ – ಎರಡನ್ನೂ ಸೇರಿಸು
ಹಂಚಿಕೊಳ್ಳಿ, ಶೇರ್ – ಇನ್ನೊಬ್ಬರಿಗೆ ಕಳಿಸು
ಅಳಿಸಿ, ಡಿಲೀಟ್ – ತೆಗೆದುಹಾಕು

ಲೆಕ್ಕ ಮಾಡಿ

ಫೋನಿನಲ್ಲಿ ಜಾಗವನ್ನು ಎಂ.ಬಿ. ಮತ್ತು ಜಿ.ಬಿ. ಎಂದು ಅಳೆಯುತ್ತಾರೆ. 1 ಜಿ.ಬಿ. ಅಂದರೆ ಸುಮಾರು 1000 ಎಂ.ಬಿ.

1. ಒಂದು ಹಾಡು 5 ಎಂ.ಬಿ. ಇದೆ. ಫೋನಿನಲ್ಲಿ 100 ಎಂ.ಬಿ. ಜಾಗ ಇದೆ. ಎಷ್ಟು ಹಾಡು ಹಿಡಿಯುತ್ತವೆ?
2. ಬ್ಲೂಟೂತ್ ಒಂದು ನಿಮಿಷಕ್ಕೆ 12 ಎಂ.ಬಿ. ಕಳಿಸುತ್ತದೆ ಎಂದುಕೊಳ್ಳಿ. 60 ಎಂ.ಬಿ. ವೀಡಿಯೋ ಹೋಗಲು ಎಷ್ಟು ನಿಮಿಷ ಬೇಕು?
3. ಒಂದು ಫೋನಿನಲ್ಲಿ 384172 ಎಂದು ಬಂತು. ಇನ್ನೊಂದರಲ್ಲಿ 384127 ಎಂದು ಬಂತು. ನೀವು ಒಪ್ಪುತ್ತೀರಾ? ಯಾಕೆ?

ಉತ್ತರ ಹೇಳಿ

1. ಅಕ್ಕ ವಾಟ್ಸಾಪ್‌ನಲ್ಲಿ ಹಾಡು ಯಾಕೆ ಕಳಿಸಲಿಲ್ಲ?
2. ಸಂಜೆ ಕಳಿಸಿದ ಹಾಡು ಎಲ್ಲಿಗೆ ಹೋಗಿತ್ತು?
3. ಫೋನು ನೋಡುವಾಗ ಪರೀಕ್ಷಿಸಬೇಕಾದ ಐದು ಸಂಗತಿ ಯಾವುವು? ಸಾಲಾಗಿ ಬರೆಯಿರಿ.
4. ಕಳಿಸಿದ ಕೂಡಲೇ ಹಳೆಯ ಫೋನಿನಲ್ಲಿ ಯಾಕೆ ಅಳಿಸಬಾರದು?

ಮನೆಯಲ್ಲಿ ಮಾಡಿ

ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಹಾಡು, ಕಥೆ, ಒಗಟು ಬಲ್ಲ ಹಿರಿಯರು ಇದ್ದಾರೆಯೇ? ಅವರನ್ನು ಕೇಳಿ, ಅವರು ಒಪ್ಪಿದರೆ ಫೋನಿನಲ್ಲಿ ಅವರ ದನಿ ಹಿಡಿಯಿರಿ. ಅದಕ್ಕೆ ಕನ್ನಡದಲ್ಲಿ ಹೆಸರು ಬರೆಯಿರಿ. ಇನ್ನೊಂದು ಫೋನಿಗೆ ಕಳಿಸಿ. ಹೋಗದಿದ್ದರೆ ಈ ಪಾಠ ತೆರೆದು ಒಂದರಿಂದ ಐದರವರೆಗೆ ನೋಡಿ. ಮುಂದಿನ ವಾರ ಕೇಂದ್ರಕ್ಕೆ ಬರುವಾಗ ಏನಾಯಿತು ಎಂದು ನಾಲ್ಕು ಸಾಲು ಬರೆದು ತನ್ನಿ.

ಆ ಅಕ್ಕ ಮರುದಿನ ಬೆಳಗ್ಗೆ ಗುಂಟೂರಿಗೆ ಹೋದರು. ವಾರ ಬಿಟ್ಟು ಮಗಳಿಗೆ ಫೋನ್ ಮಾಡಿದ್ದರು. ಹೊಲದ ಗುಡಿಸಲಿನಲ್ಲಿ ರಾತ್ರಿ ಅಡುಗೆ ಆದ ಮೇಲೆ ಹಾಡು ಹಾಕುತ್ತಾರಂತೆ. ಜೊತೆಗಿದ್ದ ಇಬ್ಬರು ಹೆಂಗಸರು ತಮಗೂ ಬೇಕು ಎಂದು ಕೇಳಿದರಂತೆ. "ನಾನೇ ಕಳಿಸಿ ಕೊಟ್ಟೆ. ಒಂದು ಫೋನು ಕಾಣಲಿಲ್ಲ. ಬ್ಲೂಟೂತ್ ಪುಟ ತೆಗೀರಿ ಅಂದೆ. ಹೋತು," ಅಂದರಂತೆ.